ನೀರು ಬಂದಿತು, ಪದ ಹೋಗಬೇಕೇ?

ಸುತ್ತಲೂ ನೀರಿನಿಂದ ಆವೃತವಾದ ಭೂಮಿಗೆ ನಡುಗಡ್ಡೆಯೆಂದು ಹೆಸರು. ಪಾಠಶಾಲೆಯ ಭೂಗೋಳದಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ ಮಾತಿದು. ರಾಯಚೂರು ತಾಲೂಕಿನಲ್ಲಿ ಕೃಷ್ಣೆಯ ಕವಲುಗಳ ನಡುವೆ ಕುರ್ವಕಲಾ, ಕುರ್ವಕುರ್ದಾ ಎಂಬ ಇಂಥ ಊರುಗಳುಂಟು. ಆದರೆ ನೀರಿಲ್ಲದೆಯೂ ನಡುಗಡ್ಡೆಗಳಾಗಬಲ್ಲವೆಂಬುದನ್ನು ನಮ್ಮ ವಿಜಯಪುರ ಜಿಲ್ಲೆಯ ಪಡುವಣ ಅಂಚನ್ನು ಕಂಡವರು ಒಪ್ಪುವರು. ಪೇಟೆಯಿಂದ ಹೊರಟು ತೊರವಿಯನ್ನು ಹಾಯ್ದು, ಈಚೆಗೆ ತಾಲೂಕಿನ ಪದವಿಯನ್ನು ಪಡೆದ ತಿಕೋಟೆಯನ್ನು ಬಿಟ್ಟು ಮುಂದೆ ನಡೆದರೆ ಹೊನವಾಡವು ಸಿಗುವದು. ಅದರಾಚೆಗೆ ಬಹುದೂರವಿಲ್ಲದೆ ಮಹಾರಾಷ್ಟ್ರದ ಜತ್ತ ತಾಲೂಕು. ಗಡಿಯ ಆಚೆಗೂ ಹಳ್ಳಿಗರ ಬಾಯಲ್ಲಿ ಕನ್ನಡವೇ. ಆದರೆ ಕಚೇರಿ ಬೇರೆ, ಕಾಗದಪತ್ರ ಬೇರೆ. ಇತ್ತ ಜಿಲ್ಲೆಯ ಪೇಟೆಯೂ ದೂರ, ಅತ್ತ ಪರರಾಜ್ಯವೂ ಹತ್ತಿರ. ನಡುವೆ ಎರೆಯ ಹೊಲ, ಮರಡಿಯ ಕಲ್ಲು. ಇಂಥ ಊರು ತನ್ನ ಸುಖಕ್ಕೂ ದುಃಖಕ್ಕೂ ತಾನೇ ಹೊಣೆಯಾಗಿ ಬದುಕಬೇಕಾಗುವದು.

ಪೇಟೆಗೂ ಇಂಥ ಊರಿಗೂ ಒಂದು ಮುಖ್ಯವಾದ ಅಂತರವಿದೆ. ಪೇಟೆಯಲ್ಲಿ ಹಾಡುವವನು ಹಾಡುವನು, ಕುಸ್ತಿಯವನು ಕುಸ್ತಿ ಆಡುವನು, ದುಡಿಯುವವನು ದುಡಿಯುವನು. ಉಳಿದವರು ಚೀಟಿ ಕೊಂಡು ನೋಡುವರು. ಚಿಕ್ಕ ಊರಿನಲ್ಲಿ ಹಾಗಾಗದು. ಹಗಲಿಗೆ ಕುಂಟೆ ಹೊಡೆದವನೇ ಸಂಜೆಗೆ ಗರಡಿಯ ಮಣ್ಣಿಗೆ ಇಳಿಯಬೇಕು. ಅವನೇ ಇರುಳಿಗೆ ಭಜನೆಯ ದಪ್ಪನ್ನು ಹಿಡಿಯಬೇಕು. ಒಬ್ಬನು ಊರು ಬಿಟ್ಟನೆಂದರೆ ಹೊಲಕ್ಕೊಬ್ಬ ಆಳು, ಗರಡಿಗೊಬ್ಬ ಜೋಡಿ, ಮೇಳಕ್ಕೊಬ್ಬ ಹಿಮ್ಮೇಳದವ, ಹೀಗೆ ಮೂವರು ಕಡಿಮೆಯಾದಂತೆ. ಆದ ಕಾರಣ ದುಡಿಮೆ, ಹಾಡು, ಬಯಲಾಟ ಇವುಗಳ ನಡುವಣ ತೂಕವನ್ನು ಕಾಯ್ದುಕೊಳ್ಳುವದು ಪೇಟೆಯ ಗೃಹಸ್ಥನಿಗೆ ಬಿಡುವಿನ ವೇಳೆಯ ವಿಚಾರವಾದರೆ, ಹೊನವಾಡದಂಥ ಊರಿಗೆ ಅದು ಊರಿನ ಉಳಿವಿನ ವಿಚಾರ.

ಕಟ್ಟೆಯ ಮೇಲೆ ಕೇಳಿದ ಮಾತು

ಈಚೆಗೆ ನಾವು ಆ ಕಡೆಗೆ ಹೋಗಿದ್ದೆವು. ಸಂಜೆಯ ಹೊತ್ತು ಗುಡಿಯ ಮುಂದಣ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧ ಒಕ್ಕಲಿಗನೊಬ್ಬನನ್ನು ಕುರಿತು “ಏನಜ್ಜಾ, ಈಗ ಮೇಳಗೀಳ ನಡೆದಾವೇನು?” ಎಂದು ಕೇಳಿದೆವು. ಆತನು ತಡೆಯದೆ ಅಂದದ್ದಿಷ್ಟು: “ಮೊದಲ ನೀರ ಇರಲಿಲ್ಲರೀ ಸಾಹೇಬ್ರ, ಪದಾ ಇದ್ದೂ. ಈಗ ನೀರ ಬಂದಾವು, ಪದಾ ಹೋದೂ.” ಆತನ ಮೊರೆಯಲ್ಲಿ ದುಃಖವಾಗಲಿ ಸಿಟ್ಟಾಗಲಿ ಇರಲಿಲ್ಲ; ಲೆಕ್ಕ ಒಪ್ಪಿಸುವವನ ಶಾಂತಿ ಇತ್ತು. ಆ ಮಾತೇ ಇಂದಿನ ನಮ್ಮ ಬರಹಕ್ಕೆ ಕಾರಣ.

ಅಜ್ಜನ ಮಾತಿನ ಮೊದಲನೆಯ ಅರ್ಧವನ್ನು ಯಾರೂ ಅಲ್ಲಗಳೆಯಲಾರರು. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ ಬಿದ್ದರೆ ಬಿತ್ತು, ಇಲ್ಲವಾದರೆ ಇಲ್ಲ ಎಂಬ ನಾಡಿದು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯೇನೋ ಉಂಟು. ಆದರೆ ಡೋಣಿಯ ದಂಡೆ ಎಲ್ಲರಿಗೂ ಇಲ್ಲ, ಆ ಬೆಳೆಯೂ ಎಲ್ಲ ವರ್ಷ ಇಲ್ಲ. ೧೮೭೬-೭೮ರ ಬರದ ಹೆಸರನ್ನು ಹೇಳಿ ಮಕ್ಕಳಿಗೆ ಅನ್ನದ ಬೆಲೆಯನ್ನು ತಿಳಿಸುವ ಹಿರಿಯರು ನಮ್ಮ ಬಾಲ್ಯದವರೆಗೂ ಇದ್ದರು. ಇಂಥ ನೆಲಕ್ಕೆ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದದ್ದು ಈ ಭಾಗದ ಇತಿಹಾಸದಲ್ಲಿ ಬರೆದಿಡತಕ್ಕ ಸಂಗತಿ. ತಿಕೋಟೆಯ ಸುತ್ತಿನ ದ್ರಾಕ್ಷಿಯ ಬಳ್ಳಿಗಳನ್ನೂ ಒಣದ್ರಾಕ್ಷಿಯ ಶೆಡ್ಡುಗಳನ್ನೂ ಕಂಡವನು ನೀರನ್ನು ನಿಂದಿಸಲಾರನು. ನಾವೂ ನಿಂದಿಸುತ್ತಿಲ್ಲ. ನೀರು ಬಂದುದಕ್ಕೆ ಪದವು ಹೋಗಲೇಬೇಕೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಮೂರಾಗಿರಲಿಲ್ಲ, ಒಂದಾಗಿತ್ತು

ಇದನ್ನು ಬಿಡಿಸಬೇಕಾದರೆ ಹಿಂದಿನ ವ್ಯವಸ್ಥೆ ಹೇಗಿತ್ತೆಂಬುದನ್ನು ನೋಡಬೇಕು. ನಮ್ಮ ಹಿರಿಯರು ದಿನದ ಗಳಿಗೆಗಳನ್ನು ಹಂಚಿ, ಇಷ್ಟು ದುಡಿಮೆಗೆ, ಇಷ್ಟು ಸಂಗೀತಕ್ಕೆ, ಇಷ್ಟು ವಿಹಾರಕ್ಕೆ ಎಂದು ಪಟ್ಟಿ ಹಾಕಿರಲಿಲ್ಲ. ದುಡಿಮೆಯೊಳಗೇ ಹಾಡನ್ನು ಹೆಣೆದಿದ್ದರು; ಹಬ್ಬದೊಳಗೇ ಬಯಲನ್ನು ಸೇರಿಸಿದ್ದರು. ಕೋಳಿ ಕೂಗುವ ಮೊದಲೇ ಇಬ್ಬರು ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಎದುರುಬದರಾಗಿ ಕುಳಿತು ತ್ರಿಪದಿಯನ್ನು ಎತ್ತಿದರೆ, ಪದದ ನಡೆಗೂ ಕಲ್ಲಿನ ಸುತ್ತಿಗೂ ಹೊಂದಿಕೆಯಾಗಿ ರಟ್ಟೆಯ ನೋವು ಹಗುರಾಗುತ್ತಿತ್ತು. ಸುಗ್ಗಿಯ ಕಣದಲ್ಲಿ ಮೇಟಿಯ ಸುತ್ತಲೂ ಎತ್ತುಗಳ ಹಂತಿಯನ್ನು ಕಟ್ಟಿ ಬೆಳತನಕ ತುಳಿಸುವಾಗ ಹಂತಿಯ ಪದಗಳು ಆಳನ್ನೂ ಎತ್ತನ್ನೂ ಎಚ್ಚರವಾಗಿ ಇಡುತ್ತಿದ್ದವು. ಕಾರಹುಣ್ಣಿಮೆಗೆ ಎತ್ತುಗಳನ್ನು ಓಡಿಸಿ ಕರಿ ಹರಿಯುವದು, ನಾಗರಪಂಚಮಿಗೆ ಜೋಕಾಲಿ, ಎಳ್ಳಮಾಸಿಗೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿಯ ರೊಟ್ಟಿಯನ್ನು ಎಲ್ಲರೂ ಕೂಡಿ ಉಣ್ಣುವದು. ಇಂದು ಪೇಟೆಯ ವಿದ್ಯಾವಂತರು ವನವಿಹಾರವೆಂದು ಹಣ ತೆತ್ತು ಕೊಳ್ಳುವ ಸುಖವು ಒಕ್ಕಲಿಗನಿಗೆ ಪಂಚಾಂಗದಲ್ಲಿಯೇ ಬರೆದಿತ್ತು.

ಇನ್ನು ಸುಗ್ಗಿ ತೀರಿದ ಮೇಲೆ ಮಳೆ ಬೀಳುವವರೆಗಿನ ಬೇಸಗೆ. ಹೊಲದಲ್ಲಿ ಹೆಚ್ಚು ಕೆಲಸವಿಲ್ಲ, ಕೈ ಖಾಲಿ. ಆ ಬಡ ಬಿಡುವಿನಲ್ಲಿಯೇ ದೊಡ್ಡಾಟದ ತಾಲೀಮುಗಳು ನಡೆದವು. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವು ಊರಿಂದೂರಿಗೆ ಹಬ್ಬಿತು. ಲಾವಣಿಯವರು ಹರದೇಶಿ-ನಾಗೇಶಿಯೆಂದು ಎರಡು ಪಕ್ಷ ಕಟ್ಟಿ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಾಗುವ ತನಕ ವಾದ ಹೂಡಿದರು. ಸ್ವಾತಂತ್ರ್ಯದ ಚಳವಳಿಯ ಕಾಲಕ್ಕೆ ಗಾಂಧಿಯವರ ಮಾತನ್ನೂ ಖಾದಿಯ ಸುದ್ದಿಯನ್ನೂ ಓದು ಬರಹ ಬಾರದ ಹಳ್ಳಿಗೆ ಮುಟ್ಟಿಸಿದವು ಗೀಗೀ ಮೇಳಗಳು. ಪತ್ರಿಕೆಯು ಹೋಗಲಾರದ ಓಣಿಗೆ ದಪ್ಪು ಮತ್ತು ತುಂತುಣಿ ಹೋದವೆಂಬುದನ್ನು ಪತ್ರಿಕೆಯವರಾದ ನಾವು ವಿನಯದಿಂದ ಒಪ್ಪಲೇಬೇಕು.

ಬಿಡುವು ಎಲ್ಲಿಗೆ ಹೋಯಿತು?

ಈಗಿನ ಸ್ಥಿತಿ ಬೇರೆ. ದ್ರಾಕ್ಷಿಯೆಂಬುದು ಬಿಳಿಜೋಳದಂಥ ಸಾಧು ಬೆಳೆಯಲ್ಲ. ಬಿಳಿಜೋಳವನ್ನು ಬಿತ್ತಿದವನು ಇಬ್ಬನಿಗೂ ದೇವರಿಗೂ ಒಪ್ಪಿಸಿ ಊರ ಜಾತ್ರೆಗೆ ಹೋಗಬಹುದು. ದ್ರಾಕ್ಷಿಯವನಿಗೆ ಅಕ್ಟೋಬರದಲ್ಲಿ ಚಾಟ್ನಿ. ಆ ಮೇಲೆ ಮೋಡ ಕವಿದರೆ ಔಷಧ ಸಿಂಪಡಿಸುವ ಓಟ. ಫೆಬ್ರುವರಿ ಮಾರ್ಚಿಗೆ ಕೊಯ್ಲು. ಕೊಯ್ದುದನ್ನು ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸುವ ಚಿಂತೆ. ಅದು ಮುಗಿಯುವಷ್ಟರಲ್ಲಿ ಏಪ್ರಿಲ್ ಚಾಟ್ನಿ. ಯಾವ ಬೇಸಗೆಯಲ್ಲಿ ಮೇಳಗಳು ತಾಲೀಮು ಮಾಡುತ್ತಿದ್ದವೋ ಅದೇ ಬೇಸಗೆಯನ್ನು ಬಳ್ಳಿಯು ನುಂಗಿತು. ನೀರು ಪದವನ್ನು ಕೊಲ್ಲಲಿಲ್ಲ, ಬಿಡುವನ್ನು ಕೊಂಡುಕೊಂಡಿತು. ಕಣಕ್ಕೆ ಯಂತ್ರ ಬಂದಿತು, ಹಂತಿ ನಿಂತಿತು. ಗಿರಣಿ ಬಂದಿತು, ಬೀಸುವ ಕಲ್ಲು ಮೂಲೆ ಸೇರಿತು. ಹಾಡಿಗೆ ಆಧಾರವಾಗಿದ್ದ ದುಡಿಮೆಯೇ ಹೋದ ಮೇಲೆ ಹಾಡು ನಿಲ್ಲುವದೆಲ್ಲಿ?

ಇಲ್ಲಿ ಭಾವನೆಯ ವಶರಾಗಬಾರದು. ಬೀಸುವ ಕಲ್ಲು ಮರಳಿ ಬರಲೆಂದು ಬಯಸುವವನು ಒಂದು ದಿನ ತಾನೇ ಒಂದು ಸೇರು ಜೋಳವನ್ನು ಬೀಸಿ ನೋಡಲಿ. ಹೆಣ್ಣುಮಕ್ಕಳ ಹಾಡುಗಳು ಅಷ್ಟು ಸೊಗಸಾಗಿದ್ದುದಕ್ಕೆ ಒಂದು ಕಹಿಯಾದ ಕಾರಣವೂ ಉಂಟು: ಅವರಿಗೆ ಬೇರೆ ಬಿಡುವೇ ಇರಲಿಲ್ಲ. ಗಂಡಸರಿಗೆ ಗರಡಿ ಇತ್ತು, ಭಜನೆ ಇತ್ತು, ಕಟ್ಟೆ ಇತ್ತು. ಹೆಂಗಸರಿಗೆ ಕಲ್ಲಿನ ಗೂಟ, ಪಂಚಮಿಯ ಜೋಕಾಲಿ ಇಷ್ಟೇ. ಹಳೆಯ ತೂಕವನ್ನು ಹೊಗಳುವವರು ಈ ಒಂದು ತಟ್ಟೆಯ ಭಾರವನ್ನು ಮರೆಯಬಾರದು.

ಹೀಗೆ ಉಳಿದ ಬಿಡುವಾದರೂ ಏನಾಗಿದೆ? ಕೈಯೊಳಗಣ ಮೊಬೈಲು ಅದನ್ನು ಚೂರುಚೂರಾಗಿ ತಿನ್ನುತ್ತಿದೆ. ಒಂದೇ ಕಟ್ಟೆಯ ಮೇಲೆ ಐದು ಜನ ಹುಡುಗರು ಕುಳಿತಿದ್ದರೂ ಐವರ ದೃಷ್ಟಿಯೂ ಐದು ಕಡೆಗೆ. ಹಾಡು ಇಲ್ಲವೆಂದಲ್ಲ, ಹಿಂದೆಂದಿಗಿಂತ ಹೆಚ್ಚು ಹಾಡುಗಳನ್ನು ಅವರು ಕೇಳುತ್ತಾರೆ, ಹಾಡುವದನ್ನು ಮಾತ್ರ ಬಿಟ್ಟಿದ್ದಾರೆ. ಆಟಗಳನ್ನು ನೋಡುತ್ತಾರೆ, ಆಡುವದನ್ನು ಬಿಟ್ಟಿದ್ದಾರೆ. ಜಾತ್ರೆಗೆ ಡೊಳ್ಳಿನ ಬದಲು ಡಿಜೆ ಬಂದಿದೆ. ಡೊಳ್ಳಿಗೆ ಹನ್ನೆರಡು ಜನ ಬೇಕು. ಡಿಜೆಗೆ ಒಬ್ಬ ಸಾಕು, ಉಳಿದ ಹನ್ನೊಂದು ಜನ ಪ್ರೇಕ್ಷಕರಾಗಿ ಹೋದರು. ಚಿಕ್ಕ ಊರಿಗೆ ತಟ್ಟಿದ ನಿಜವಾದ ಪೆಟ್ಟು ಇದೇ.

ಹಲಸಂಗಿಯ ದೃಷ್ಟಾಂತ

ಹಾಗಾದರೆ ಉಪಾಯವಿಲ್ಲವೇ? ದೂರ ಹೋಗಬೇಕಾದುದಿಲ್ಲ, ನಮ್ಮ ಜಿಲ್ಲೆಯ ಇನ್ನೊಂದು ಅಂಚಿನಲ್ಲಿಯೇ ಉತ್ತರವಿದೆ. ಆ ಕಾಲಕ್ಕೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯು ಹೊನವಾಡದಂತೆಯೇ ಗಡಿಯ ಹಳ್ಳಿ. ಅಲ್ಲಿಯೂ ಕಾಲೇಜಿಲ್ಲ, ನಾಟಕಗೃಹವಿಲ್ಲ, ಧನಿಕ ಪೋಷಕರಿಲ್ಲ. ಅದು ಖಾಜಾಭಾಯಿಯಂಥ ಲಾವಣಿಕಾರನ ಊರು. ಹಾಡಿನ ಬೀಜ ಮೊದಲೇ ಬಿದ್ದಿತ್ತು. ಅಲ್ಲಿ ಕೆಲವು ತರುಣರು ಕೂಡಿದರು: ಮಧುರಚೆನ್ನರೆಂದು ನಾಡಿಗೆ ಪರಿಚಿತರಾದ ಚೆನ್ನಮಲ್ಲಪ್ಪ ಗಲಗಲಿ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಹಲಸಂಗಿಯ ಗೆಳೆಯರೆಂಬ ಹೆಸರು ಇವರಿಗೆ ನಿಂತಿತು.

ಇವರು ಮಾಡಿದ ಕೆಲಸವಾದರೂ ಏನು? ತಮ್ಮ ತಾಯಂದಿರೂ ಅಕ್ಕಂದಿರೂ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಕಿವಿಗೊಟ್ಟು ಕೇಳಿದರು, ಕೇಳಿ ಬರೆದುಕೊಂಡರು. ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವು ಹೊರಬಿತ್ತು. ಬಿ. ಎಂ. ಶ್ರೀಕಂಠಯ್ಯನವರೂ ದ. ರಾ. ಬೇಂದ್ರೆಯವರೂ ಅದಕ್ಕೆ ಮುನ್ನುಡಿಗಳನ್ನು ಬರೆದರು. ಅನಂತರ ‘ಜೀವನ ಸಂಗೀತ’ವೂ ‘ಮಲ್ಲಿಗೆ ದಂಡೆ’ಯೂ ಬಂದವು. ಅಕ್ಷರವನ್ನು ಅರಿಯದ ಹೆಣ್ಣುಮಕ್ಕಳ ಬಾಯ ಮಾತಿನಲ್ಲಿ ಪಂಡಿತರಿಗೂ ದೊರೆಯದ ಕಾವ್ಯವಿದೆಯೆಂಬುದನ್ನು ಕನ್ನಡ ನಾಡು ಆಗ ಕಣ್ಣೆತ್ತಿ ನೋಡಿತು. ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಸಾಲೆಯ ಮಾಸ್ತರರಾಗಿದ್ದವರು; ಪಾಠ ಹೇಳುವದನ್ನು ಬಿಟ್ಟು ಸಾಹಿತ್ಯ ಮಾಡಲಿಲ್ಲ, ಸಾಹಿತ್ಯಕ್ಕಾಗಿ ಹಳ್ಳಿಯ ಸಹವಾಸವನ್ನು ಬಿಡಲಿಲ್ಲ. ೧೯೯೩ರಲ್ಲಿ ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರನ್ನು ಹುಡುಕಿಕೊಂಡು ಬಂದಿತು. ಮಧುರಚೆನ್ನರು ೧೯೦೩ರಿಂದ ೧೯೫೩ರವರೆಗೆ, ಐವತ್ತೇ ವರ್ಷ ಬಾಳಿದರು. ಅಷ್ಟರಲ್ಲಿಯೇ ‘ನನ್ನ ನಲ್ಲ’ದಂಥ ಕವಿತೆಯನ್ನು ಕೊಟ್ಟು, ಅರವಿಂದರ ಸಾಧನೆಯ ಹಾದಿಯನ್ನೂ ಹಿಡಿದರು.

ಈ ದೃಷ್ಟಾಂತದಲ್ಲಿ ನಾವು ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದು, ಇವರು ಒಬ್ಬೊಬ್ಬರಾಗಿ ಅಲ್ಲ, ಗೆಳೆಯರಾಗಿ ಕೆಲಸ ಮಾಡಿದರು. ಒಬ್ಬನ ಸೋಮಾರಿತನವನ್ನು ಇನ್ನೊಬ್ಬನ ಉತ್ಸಾಹವು ತಿದ್ದಿತು. ಎರಡನೆಯದು, ಚೆನ್ನಮಲ್ಲಪ್ಪನ ಸಂಗಡ ಧೂಲಾಸಾಹೇಬನು ಕುಳಿತನು. ಹಾಡಿಗೆ ಜಾತಿಮತಗಳ ಕಟ್ಟೆ ಇರಲಿಲ್ಲ. ಮೂರನೆಯದು, ಅವರು ಹೊರಗಿನಿಂದ ಕಲೆಯನ್ನು ತರಿಸಲಿಲ್ಲ. ಅಂಗಳದಲ್ಲಿ ಬಿದ್ದುದನ್ನೇ ಎತ್ತಿಕೊಂಡರು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವು ಹೊನವಾಡದ ದಾರಿಯಲ್ಲಿಯೇ ಇದೆ. ಎರಡನೆಯ ಇಬ್ರಾಹಿಂ ಆದಿಲಶಹನು (೧೫೮೦-೧೬೨೭) ಸಂಗೀತದ ಪರಮ ಭಕ್ತ, ‘ಕಿತಾಬೆ ನವರಸ’ವನ್ನು ರಚಿಸಿ ಸರಸ್ವತಿಯನ್ನು ನೆನೆದವನು, ತನ್ನ ತಂಬೂರಿಗೆ ಮೋತಿಖಾನನೆಂದು ಹೆಸರಿಟ್ಟವನು. ೧೫೯೯ರಲ್ಲಿ ತೊರವಿಯ ಬಳಿ ನವರಸಪುರವೆಂಬ ಸಂಗೀತದ ನಗರವನ್ನೇ ಕಟ್ಟಲು ತೊಡಗಿದನು. ೧೬೨೪ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಈಗ ಉಳಿದವು ಮುರಿದ ಗೋಡೆಗಳು. ಅದೇ ತೊರವಿಯ ನರಸಿಂಹನ ಹೆಸರಿನಲ್ಲಿ ಹುಟ್ಟಿದ ಕುಮಾರವಾಲ್ಮೀಕಿಯ ರಾಮಾಯಣವು ಮಾತ್ರ ಹಳ್ಳಿಹಳ್ಳಿಯ ಪುರಾಣದ ಕಟ್ಟೆಗಳಲ್ಲಿ ಬಾಳಿತು. ಅರಸನ ಬೊಕ್ಕಸವು ಕಟ್ಟಿದ್ದು ಬಿತ್ತು, ಜನರ ಬಾಯಿ ಹಿಡಿದದ್ದು ಉಳಿಯಿತು. ಕಲೆಯ ರಕ್ಷಣೆಗೆ ಕಟ್ಟಡವನ್ನೇ ಮೊದಲು ನೆನೆಯುವ ನಮ್ಮ ಅಧಿಕಾರಿಗಳು ತೊರವಿಯ ಹತ್ತಿರ ಒಂದು ಗಳಿಗೆ ಮೋಟಾರು ನಿಲ್ಲಿಸಿದರೆ ಒಳ್ಳೆಯದು.

ನಮ್ಮದೇ ಒಂದು ತಪ್ಪು

ಪರರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಅಜ್ಜಿಗೆ ಬೀಸುವ ಪದಗಳು ನೂರಾರು ಬರುತ್ತಿದ್ದವು. ಮೆಟ್ರಿಕ್ ಪರೀಕ್ಷೆಯ ವರ್ಷ ನಾವು ದೀಪದ ಮುಂದೆ ಕುಳಿತು ಇಂಗ್ಲಿಷ್ ವ್ಯಾಕರಣವನ್ನು ಉರುಹೊಡೆಯುತ್ತಿದ್ದಾಗ ಆಕೆಯು ನಸುಕಿನಲ್ಲಿ ಹಾಡುತ್ತಿದ್ದಳು. “ಅಜ್ಜಿ, ಸುಮ್ಮನಿರು, ಓದಬೇಕು” ಎಂದು ನಾವು ಗದರಿಸಿದೆವು. ಆಕೆ ನಕ್ಕು ಸುಮ್ಮನಾದಳು. ಆ ಮೇಲೆ ನಾವಿರುವಾಗ ಹಾಡಲಿಲ್ಲ. ಪರೀಕ್ಷೆ ಪಾಸಾಯಿತು. ಮುಂದೆ ‘ಗರತಿಯ ಹಾಡು’ ಪುಸ್ತಕವು ಕೈಗೆ ಬಂದು, ಓದಿ, ಊರಿಗೆ ಓಡಿ ಹೋಗುವಷ್ಟರಲ್ಲಿ ಅಜ್ಜಿ ಇರಲಿಲ್ಲ. ವ್ಯಾಕರಣದ ಪುಸ್ತಕವು ಯಾವ ಅಂಗಡಿಯಲ್ಲಿಯೂ ಸಿಗುವದು. ಆ ಪದಗಳು ಎಲ್ಲಿಯೂ ಸಿಗಲಾರವು. ಇಂದು ಹೊನವಾಡದಲ್ಲಿಯೂ ಸುತ್ತಿನ ಊರುಗಳಲ್ಲಿಯೂ ಇಂಥ ಅಜ್ಜಿಯರು ಇನ್ನೂ ಇದ್ದಾರೆ; ಬಹುಕಾಲ ಇರಲಾರರು.

ಮಾಡತಕ್ಕದ್ದೇನು?

ಹಿಂದೆ ತೂಕವು ತಾನಾಗಿ ನಿಲ್ಲುತ್ತಿತ್ತು. ಈಗ ನಾವಾಗಿ ನಿಲ್ಲಿಸಬೇಕು. ದೊಡ್ಡ ಹಣ ಬೇಡದ ಕೆಲವು ಸೂಚನೆಗಳನ್ನು ಹೊನವಾಡದ ಹಿರಿಯರ ಮುಂದೆಯೂ, ಈ ಪತ್ರಿಕೆಯನ್ನು ಓದುವ ಅಧಿಕಾರಿಗಳ ಮುಂದೆಯೂ ಇಡುತ್ತೇವೆ.

ಮೊದಲನೆಯದಾಗಿ, ವಾರದಲ್ಲಿ ಒಂದು ಸಂಜೆಯನ್ನು ಊರು ತನ್ನದಾಗಿ ಮಾಡಿಕೊಳ್ಳಲಿ. ಆ ಸಂಜೆ ಔಷಧ ಸಿಂಪಡಿಸುವದಿಲ್ಲ, ಮೊಬೈಲು ಜೇಬಿನಿಂದ ಹೊರಬರುವದಿಲ್ಲ ಎಂದು ಗುಡಿಯ ಮುಂದೆ ಒಪ್ಪಂದವಾಗಲಿ. ದ್ರಾಕ್ಷಿಯ ಬಳ್ಳಿ ಒಂದು ಸಂಜೆಯ ಮಟ್ಟಿಗೆ ಒಕ್ಕಲಿಗನನ್ನು ಕ್ಷಮಿಸೀತು.

ಎರಡನೆಯದಾಗಿ, ಮೊಬೈಲನ್ನು ಬೈಯುವದಕ್ಕಿಂತ ದುಡಿಸಿಕೊಳ್ಳುವದು ಮೇಲು. ಹಲಸಂಗಿಯ ಗೆಳೆಯರ ಕೈಯಲ್ಲಿ ಟಾಕು ಮತ್ತು ಕಾಗದ ಮಾತ್ರ ಇದ್ದವು; ಧಾಟಿಯನ್ನು ಹಿಡಿದಿಡುವ ಸಾಧನ ಅವರಿಗಿರಲಿಲ್ಲ. ಇಂದಿನ ಸಾಲೆಯ ಹುಡುಗಿಯ ಕೈಯೊಳಗೆ ಪದವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿಯುವ ಯಂತ್ರವಿದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯಳ ಒಪ್ಪಿಗೆಯನ್ನು ಪಡೆದು ಹತ್ತು ಪದಗಳನ್ನು ಹಿಡಿದು, ಹಾಡಿದವಳ ಹೆಸರನ್ನು ಮರೆಯದೆ ಬರೆದಿಟ್ಟರೆ ಒಂದೇ ವರ್ಷದಲ್ಲಿ ಊರಿಗೊಂದು ಭಂಡಾರವಾದೀತು. ಹಳೆಯ ಸಂಗ್ರಹಗಳಲ್ಲಿ ಹಾಡಿದವರ ಹೆಸರುಗಳು ಬಹುಮಟ್ಟಿಗೆ ಕಳೆದುಹೋದವು. ಆ ಋಣವನ್ನು ಈಗಲಾದರೂ ತೀರಿಸೋಣ.

ಮೂರನೆಯದಾಗಿ, ಗ್ರಾಮ ಪಂಚಾಯತಿಯ ಗ್ರಂಥಾಲಯ. ಅರಿವು ಕೇಂದ್ರವೆಂಬ ಸುಂದರವಾದ ಹೆಸರು ಅದಕ್ಕೆ ಈಗ ಬಂದಿದೆ. ಆದರೆ ಒಕ್ಕಲಿಗನು ಹೊಲಕ್ಕೆ ಹೋದಾಗ ತೆರೆದು, ಆತನು ಮನೆಗೆ ಬರುವಾಗ ಮುಚ್ಚುವ ಬಾಗಿಲಿನಿಂದ ಯಾರಿಗೆ ಅರಿವು ಬಂದೀತು? ರಾತ್ರಿ ಎಂಟರವರೆಗೆ ಅದು ತೆರೆದಿರುವಂತೆ ಜಿಲ್ಲೆಯ ಅಧಿಕಾರಿಗಳು ವ್ಯವಸ್ಥೆ ಮಾಡಬೇಕು. ದೀಪದ ಖರ್ಚು ಊರಿಗೆ ಹೊರೆಯಾಗಲಾರದು.

ನಾಲ್ಕನೆಯದಾಗಿ, ಬಯಲು. ಸಂಗ್ರಾಣಿ ಕಲ್ಲನ್ನು ಎತ್ತುವ, ಕುಸ್ತಿ ಹಿಡಿಯುವ ಚಪಲ ನಮ್ಮ ಹುಡುಗರ ರಕ್ತದಲ್ಲಿಯೇ ಇದೆ. ಸೈಕಲ್ಲಿನ ಪಂದ್ಯದಲ್ಲಂತೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಮಕ್ಕಳು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ವಿಜಯಪುರದಲ್ಲಿ ಅವರಿಗಾಗಿ ಕ್ರೀಡಾನಿಲಯವಿದೆ. ಅವರಲ್ಲಿ ಹುಡುಗಿಯರೂ ಇದ್ದಾರೆಂಬುದು ನಮಗೆ ವಿಶೇಷ ಸಂತೋಷದ ಸಂಗತಿ. ಬೀಸುವ ಕಲ್ಲಿನ ಗೂಟವನ್ನು ಹಿಡಿದ ಕೈಗಳ ಮೊಮ್ಮಗಳು ಸೈಕಲ್ಲಿನ ಹಿಡಿಕೆಯನ್ನು ಹಿಡಿದು ಬಯಲಿಗೆ ಬಂದಳು. ನಾವು ಮೇಲೆ ಹೇಳಿದ ಹಳೆಯ ಅನ್ಯಾಯದ ತಟ್ಟೆ ಅಷ್ಟರಮಟ್ಟಿಗೆ ಮೇಲೆದ್ದಿತು. ಆದ್ದರಿಂದ ಸಾಲೆಯ ಬಯಲನ್ನು ಅಂಗಡಿಗಾಗಲಿ, ಇನ್ನೊಂದು ಸಮುದಾಯ ಭವನಕ್ಕಾಗಲಿ ಕೊಡದೆ ಬಯಲಾಗಿಯೇ ಉಳಿಸಬೇಕು.

ಕೊನೆಯದಾಗಿ, ಗದ್ದಲ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯದ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸಕೂಡದು. ಹಬ್ಬ ಹರಿದಿನಗಳಿಗೆಂದು ವರ್ಷದಲ್ಲಿ ಹದಿನೈದು ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸರಕಾರವು ವಿನಾಯಿತಿ ಕೊಡಬಹುದು. ಈ ನಿಯಮವನ್ನು ಪೋಲೀಸರು ಡಿಜೆಗೆ ಬಿಗಿಯಾಗಿ ಅನ್ವಯಿಸಲಿ. ನಮ್ಮ ಮೇಳಗಳಿಗೆ ಧ್ವನಿವರ್ಧಕವೇ ಬೇಕಾಗಿಲ್ಲ. ಅವು ಧ್ವನಿವರ್ಧಕ ಹುಟ್ಟುವ ಮೊದಲೇ ಊರನ್ನು ಎಚ್ಚರವಾಗಿ ಇಟ್ಟವು.

ಗಡಿಯ ವಿಚಾರ ಬಂದಾಗಲೆಲ್ಲ ನಾವು ನಕಾಶೆಯನ್ನು ಬಿಚ್ಚುತ್ತೇವೆ, ಠರಾವುಗಳನ್ನು ಮಾಡುತ್ತೇವೆ. ಅದು ಅವಶ್ಯವಿದ್ದೀತು. ಆದರೆ ೧೯೫೬ರಲ್ಲಿ ನಾಡು ಒಂದಾದುದಕ್ಕೂ ಮೊದಲು, ಮುಂಬಯಿ ಪ್ರಾಂತದ ಆಡಳಿತದಲ್ಲಿ, ಗಡಿಯ ಹಳ್ಳಿಗಳಲ್ಲಿ ಕನ್ನಡವನ್ನು ಕಾಯ್ದವರಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತವರೂ, ಕಣದಲ್ಲಿ ಹಂತಿ ಹೊಡೆದವರೂ ಮೊದಲಿಗರು. ಅವರಿಗೆ ನೀರಿರಲಿಲ್ಲ. ಈಗ ಅವರ ಮೊಮ್ಮಕ್ಕಳಿಗೆ ನೀರು ಬಂದಿದೆ. ಬರಗಾಲವು ಕಸಿದುಕೊಳ್ಳಲಾರದೆ ಹೋದ ಪದವನ್ನು ಸುಕಾಲದ ಕೈಗೆ ಒಪ್ಪಿಸಿ ಕೈ ತೊಳೆದುಕೊಂಡರೆ ಮುಂದಿನವರು ನಮ್ಮನ್ನು ಏನೆಂದಾರು?

ಮುಂದಿನ ಎಳ್ಳಮಾಸಿಗೆ ಹೊನವಾಡದ ಹೊಲಗಳಿಗೆ ಬಂಡಿಗಳೋ ಟ್ರ್ಯಾಕ್ಟರುಗಳೋ ಹೋಗಿಯೇ ಹೋಗುವವು. ಅಂದು ಚರಗ ಚೆಲ್ಲಿದ ಮೇಲೆ, ಊಟಕ್ಕೆ ಕುಳಿತ ಮಕ್ಕಳು ಅಜ್ಜಿಯನ್ನು ಕುರಿತು “ಎವ್ವಾ, ಒಂದ ಪದಾ ಹೇಳ” ಎಂದು ಕೇಳಲಿ. ಆಕೆ ನಾಚಿ ಒಲ್ಲೆನೆಂದಾಳು, ಇನ್ನೊಮ್ಮೆ ಕೇಳಲಿ. ಕಟ್ಟೆಯ ಮೇಲಣ ಆ ಅಜ್ಜನ ಲೆಕ್ಕದಲ್ಲಿ ಎರಡನೆಯ ಸಾಲನ್ನು ತಿದ್ದುವ ಕೆಲಸವು ಅಲ್ಲಿಂದಲೇ ಆರಂಭವಾಗತಕ್ಕದ್ದು.